ಮೂಡೆ ಸ್ಟ್ಯಾಂಡ್: ರಾತ್ರಿ ಬೇಯಿಸಿ ಬೆಳಿಗ್ಗೆ ತಿನ್ನುವವರ ಲೆಕ್ಕದಲ್ಲಿ

ಸ್ಟೀಲಿನ ಮೂಡೆ ಸ್ಟ್ಯಾಂಡ್, ಅಂದರೆ ಕರಾವಳಿಯ ಮೂಡೆ ಕಡುಬನ್ನು ಎಲೆಯ ಬದಲು ಲೋಟಗಳಲ್ಲಿ ಬೇಯಿಸುವ ಸ್ಟ್ಯಾಂಡ್, ತಗೊಳ್ಳಬಹುದಾ ಎಂದು ಕೇಳಿದರೆ ನನ್ನ ಉತ್ತರ ಹೌದು. ಆದರೆ ದುಡ್ಡು ಕೊಡುವ ಮೊದಲು ಮನೆಯ ಇಡ್ಲಿ ಪಾತ್ರೆಯ ಎತ್ತರ ಅಳೆದುಕೊಳ್ಳಿ. ಬಿಸಿ ಇರುವಾಗಲೇ ತಿಂದು ಮುಗಿಸುವವರಿಗೆ ಈ ಸ್ಟ್ಯಾಂಡ್ ಸಾಕು, ಬೇರೆ ತಲೆಬಿಸಿ ಇಲ್ಲ. ರಾತ್ರಿ ಬೇಯಿಸಿಟ್ಟು ಬೆಳಿಗ್ಗೆ ತಿನ್ನುವವರು ಮಾತ್ರ ಒಂದೆರಡು ಕೆಲಸ ಜಾಸ್ತಿ ಮಾಡಬೇಕು. ನಾನು ಅದನ್ನು ತಂದದ್ದೇ ಆ ರಾತ್ರಿಯ ಕೆಲಸಕ್ಕೆ. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಆ ಲೆಕ್ಕದಲ್ಲೇ ಇದೆ.

ರಜೆ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಮಿಕ್ಸಿ ತಿರುಗಬಾರದು ಎಂಬುದು ನಾನೇ ಮಾಡಿದ ಕಾನೂನು. ಕುಕ್ಕರ್ ಕೂಗುವ ಹಾಗಿಲ್ಲ. ಅತ್ತೆ ಐದಕ್ಕೇ ಏಳುತ್ತಾರೆ, ಮಗಳು ಹತ್ತಕ್ಕೆ. ಐದರಿಂದ ಹತ್ತರವರೆಗೆ ನಾನು ಸ್ಟೌ ಮುಂದೆ ನಿಂತು ದೋಸೆ ಹುಯ್ಯುತ್ತಾ ಇದ್ದರೆ ಅದು ಯಾವ ಸೀಮೆ ರಜೆ? ದೋಸೆ ಕಾವಲಿಯಿಂದ ನೇರ ತಟ್ಟೆಗೆ ಬೀಳಬೇಕು, ಕಾಯುವ ಜಾತಿಯದಲ್ಲ. ಇಡ್ಲಿ ತಣಿದರೆ ಅಂಚು ಒಣಗಿ ರಬ್ಬರ್ ಆಗುತ್ತದೆ. ಉಪ್ಪಿಟ್ಟಿನ ವಿಷಯ ಬಿಡಿ. ನನಗೆ ಬೇಕಾದ ತಿಂಡಿ ಹಿಂದಿನ ರಾತ್ರಿಯೇ ಮಾಡಿಟ್ಟಿರಬೇಕು, ಯಾರು ಯಾವಾಗ ಎದ್ದರೂ ತಾವೇ ಹಾಕಿಕೊಂಡು ತಿನ್ನಬೇಕು. ಕಾರ್ಕಳದ ಕಡೆಯವಳಾದ ನನಗೆ ಇದಕ್ಕೆ ಮೂಡೆ ಬಿಟ್ಟು ಬೇರೆ ಏನೂ ತೋಚುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದು ಮತ್ತು ಅಕ್ಕಿ ತರಿಯ ಹಿಟ್ಟನ್ನು ಕೇದಗೆ ಜಾತಿಯ ಎಲೆ ಸುತ್ತಿ ಮಾಡಿದ ಕೊಳವೆಗೆ ಹೊಯ್ದು, ನಿಲ್ಲಿಸಿ ಹಬೆಯಲ್ಲಿ ಬೇಯಿಸಿದರೆ ಮೂಡೆ. ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಕೊಟ್ಟೆ ಮಾಡಿ ಅದರಲ್ಲಿ ಬೇಯಿಸಿದ್ದು ಕೊಟ್ಟೆ ಕಡುಬು, ತುಳುವಿನಲ್ಲಿ ಗುಂಡ. ಉಡುಪಿ, ಮಂಗಳೂರು ಕಡೆ ಅಷ್ಟಮಿಗೆ, ಚೌತಿಗೆ ಇವೆರಡರಲ್ಲಿ ಒಂದಾದರೂ ಬೇಕು. ರಾತ್ರಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿಟ್ಟರೆ ಮರುದಿನ ಮನೆಗೆ ಬಂದವರಿಗೆಲ್ಲ ಅದೇ ತಿಂಡಿ, ಕೆಲವು ಸಲ ಅದೇ ಊಟ.

ಎಲೆಯದ್ದೇ ಮಾಡಬಹುದಲ್ಲ, ಸ್ಟೀಲ್ ಯಾಕೆ? ನ್ಯಾಯವಾದ ಪ್ರಶ್ನೆ. ಊರಲ್ಲಿ ಮುಂಡೇವು ಎನ್ನುವ ಆ ಎಲೆ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ಬೆಳೆಯುತ್ತದೆ. ಎರಡೂ ಅಂಚಿಗೆ ಮುಳ್ಳು, ಬೆನ್ನಿನ ನಡುದಿಂಡಿಗೂ ಮುಳ್ಳು. ನನ್ನ ದೊಡ್ಡಮ್ಮ ಎಲೆಯ ತುದಿಯನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಚೂರಿಯಿಂದ ಮೂರೂ ಸಾಲು ಮುಳ್ಳನ್ನು ಒಂದೊಂದೇ ಎಳೆತಕ್ಕೆ ಸೀಳಿ ತೆಗೆಯುತ್ತಾರೆ. ಆಮೇಲೆ ಬೆಂಕಿಯ ಮೇಲೆ ಹಿಂದೆ ಮುಂದೆ ಆಡಿಸಿ ಬಾಡಿಸಬೇಕು. ಹಸಿರು ಒಮ್ಮೆ ಕಪ್ಪಗಾಗಿ ಹೊಳೆಯುತ್ತದೆ, ಆಗ ಬಗ್ಗಿಸಿದರೆ ಮುರಿಯುವುದಿಲ್ಲ. ತಳಕ್ಕೆ ಮಡಚಿ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಸುತ್ತುತ್ತಾ ಮೇಲೆ ಹೋಗಿ, ಕೊನೆಗೆ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿಯ ಚೂರು ಚುಚ್ಚಿದರೆ ಮುಗಿಯಿತು. ಅವರು ಮಾತಾಡುತ್ತಾ ಮಾಡುತ್ತಾರೆ, ಕೈ ನೋಡುವುದೂ ಇಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಅದನ್ನು ಮಾಡುತ್ತೇನೆ ಎನ್ನುವುದು ಸುಮ್ನೆ ಮಾತು. ತೋಡು ಎಲ್ಲಿಂದ ತರಲಿ?

ಇಲ್ಲಿ ಬೆಂಗಳೂರಿನಲ್ಲಿ ನಮ್ಮೂರಿನ ಸಾಮಾನು ಮಾರುವ ಮಂಗಳೂರು ಸ್ಟೋರುಗಳಲ್ಲಿ ಕಟ್ಟಿದ ಖಾಲಿ ಮೂಡೆ ಸಿಗುತ್ತದೆ, ಆದರೆ ಹಬ್ಬದ ಹೊತ್ತಿಗೆ ಮಾತ್ರ. ಅದರಲ್ಲೂ ಒಂದು ತಮಾಷೆ ಇದೆ. ಉಡುಪಿಯ ಕೃಷ್ಣ ಮಠದ ಅಷ್ಟಮಿ ಸೌರಮಾನದ ಲೆಕ್ಕದ್ದು. 2025ರಲ್ಲಿ ಬೆಂಗಳೂರಿನ ಅಷ್ಟಮಿ ಆಗಸ್ಟ್ ಮಧ್ಯದಲ್ಲಿ ಬಂತು, ಉಡುಪಿಯದು ಸೆಪ್ಟೆಂಬರ್ ಮಧ್ಯದಲ್ಲಿ. ಇಲ್ಲಿಯ ಹಬ್ಬ ಒಂದು ದಿನ, ನಮ್ಮ ಎಲೆ ಬರುವುದು ಇನ್ನೊಂದು ದಿನ. ಬಂದ ಎಲೆಯೂ ಬಸ್ಸಿನಲ್ಲಿ ಒಂದು ರಾತ್ರಿ ಕಳೆದು ಬಂದಿರುತ್ತದೆ. ಒದ್ದೆ ಬಟ್ಟೆ ಸುತ್ತಿಟ್ಟರೂ ಎರಡು ಮೂರು ದಿನದಲ್ಲಿ ಒಣಗಿ ಸೀಳು ಬಿಡುತ್ತದೆ, ಹಿಟ್ಟು ಹೊಯ್ದರೆ ತಳದಿಂದ ಸೋರುತ್ತದೆ. ಡಿಸೆಂಬರಿನ ರಜೆಗೆ, ಸುಮ್ನೆ ಒಂದು ಭಾನುವಾರಕ್ಕೆ ಮೂಡೆ ಬೇಕೆಂದರೆ ಈ ದಾರಿ ನಡೆಯುವುದಿಲ್ಲ.

ಹಾಗಾಗಿ ಸ್ಟ್ಯಾಂಡ್. ನಾನು ತಂದದ್ದು ಉಡುಪಿಯ ಒಂದು ಪಾತ್ರೆ ಅಂಗಡಿಯಿಂದ. ಅಂಗಡಿಯವರು ಅದನ್ನು ಅಟ್ಟದಿಂದ ಇಳಿಸುತ್ತಾ, "ಅಕ್ಕ, ಇದು ಹೆಚ್ಚು ತಕೊಂಡು ಹೋಗುದು ಬೆಂಗಳೂರಿನವರೇ. ಇಲ್ಲಿಯವರಿಗೆ ಎಲೆ ಉಂಟಲ್ಲ" ಎಂದರು. "ನಾನು ಇಲ್ಲಿಯವಳೇ ಮಾರಾಯ್ರೆ" ಎಂದೆ. "ಹಾಗಾದ್ರೆ ನಿಮಗೆಂತಕ್ಕೆ ಇದು?" ಎಂದು ಕೇಳಿ, ಮತ್ತೆ ತಾವೇ ನಗುತ್ತಾ ಪ್ಯಾಕ್ ಮಾಡಿದರು. ಬೆಲೆ ಏಳುನೂರು ಚಿಲ್ಲರೆ. ಬ್ರ್ಯಾಂಡ್ ಹೆಸರು ಎಲ್ಲೂ ಇಲ್ಲ.

ಈಗ ವಸ್ತುವಿನ ವಿಷಯ. ಕೆಳಗೊಂದು ದುಂಡಗಿನ ತಟ್ಟೆ, ಅದರ ತುಂಬ ಸಣ್ಣ ತೂತು. ನಡುವೆ ಒಂದು ಕಂಬಿ, ಮೇಲಿನ ತುದಿಯಲ್ಲಿ ಎತ್ತಲು ಕೊಂಡಿ. ಅರ್ಧ ಎತ್ತರದಲ್ಲಿ ಇನ್ನೊಂದು ತಟ್ಟೆ, ಅದರಲ್ಲಿ 8 ದೊಡ್ಡ ತೂತು. ಲೋಟಗಳು ಆ ತೂತಿನಲ್ಲಿ ಇಳಿದು ನಿಲ್ಲುತ್ತವೆ. ಲೋಟದ ಬಾಯಿ ಅಗಲ, ತಳ ಕಿರಿದು. ಇದು ನೋಡಲು ಸಣ್ಣ ವಿಷಯ, ಆದರೆ ಎಲ್ಲ ಇರುವುದು ಅಲ್ಲೇ. ಬಾಯಿ ಅಗಲ ಇದ್ದರೆ ಬೆಂದ ಮೂಡೆ ಮಗುಚಿದ ಕೂಡಲೇ ಜಾರಿ ಬರುತ್ತದೆ. ಮೇಲಿಂದ ಕೆಳಗೆ ಒಂದೇ ಅಗಲದ ಲೋಟವಾದರೆ ಚೂರಿ ಹಾಕಿ ಗೀರಬೇಕು, ಗೀರಿದರೆ ಬದಿ ಹರಿಯುತ್ತದೆ.

ಲೋಟದ ಒಳಗೆ ಬೆರಳು ಆಡಿಸಿ ನೋಡಿ. ನನ್ನದರಲ್ಲಿ ತಳದ ಮೂಲೆ ಗುಂಡಗಿದೆ, ಹಿಟ್ಟು ಅಂಟಿ ಕೂರುವ ಸಂದು ಇಲ್ಲ. ಬಾಯಿಯ ಅಂಚನ್ನು ಹೊರಗೆ ಸುತ್ತಿದ್ದಾರೆ, ಆದರೆ ಸುತ್ತು ಪೂರ್ತಿ ಮುಚ್ಚಿಲ್ಲ. ಆ ಸಂದಿಗೆ ನೀರು ಹೋಗಿ ಕೂರುತ್ತದೆ. ತೊಳೆದು ಬೋರಲು ಹಾಕಿದರೆ ಮರುದಿನವೂ ಒಂದು ಹನಿ ಇಳಿಯುತ್ತದೆ. ಕಂಬಿಯ ಬುಡದ ಬೆಸುಗೆಯೂ ಒರಟು. ಅಲ್ಲಿ ಒಂದು ಕಂದು ಚುಕ್ಕೆ ಬಂದಿದೆ, ಎಷ್ಟು ತಿಕ್ಕಿದರೂ ಮತ್ತೆ ಬರುತ್ತದೆ. ಆಹಾರಕ್ಕೆ ತಾಗುವ ಜಾಗ ಅಲ್ಲ, ಹಾಗಾಗಿ ಬಿಟ್ಟಿದ್ದೇನೆ. ಏಳುನೂರು ಕೊಟ್ಟ ಮೇಲೆ ಬೆಸುಗೆ ಸ್ವಲ್ಪ ನೀಟಾಗಿ ಇರಬಹುದಿತ್ತು, ಅಲ್ವಾ?

ದೊಡ್ಡ ತೊಂದರೆ ಎತ್ತರದ್ದು. ಕಾಲು, ಲೋಟ, ಮೇಲಿನ ಕೊಂಡಿ ಎಲ್ಲ ಸೇರಿ ನನ್ನ ಸ್ಟ್ಯಾಂಡ್ 17 ಸೆಂಟಿಮೀಟರ್. ಕೆಳಗೆ ಎರಡು ಇಂಚು ನೀರು ಬೇಕು, ಮೇಲೆ ಮುಚ್ಚಳಕ್ಕೂ ಕೊಂಡಿಗೂ ನಡುವೆ ಸ್ವಲ್ಪ ಜಾಗ ಬೇಕು. ಮೂರು ತಟ್ಟೆಯ ಮಾಮೂಲಿ ಇಡ್ಲಿ ಕುಕ್ಕರಿಗೆ ಇದು ಹಿಡಿಯುವುದಿಲ್ಲ. ಊರಲ್ಲಾದರೆ ತೊಂದೂರು ಇರುತ್ತದೆ, ಇಡ್ಲಿ ಕಡುಬು ಬೇಯಿಸುವ ಎತ್ತರದ ಪಾತ್ರೆ. ನಾನು ಇಲ್ಲಿ ಅನ್ನ ಮಾಡುವ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಬಳಸುತ್ತೇನೆ, ತಳದಲ್ಲಿ ಒಂದು ರಿಂಗ್ ಇಟ್ಟು. ಮುಚ್ಚಳಕ್ಕೆ ಒಂದು ತೆಳು ಪಂಚೆ ಬಟ್ಟೆ ಕಟ್ಟುತ್ತೇನೆ. ಇಲ್ಲದಿದ್ದರೆ ಮುಚ್ಚಳದ ನೀರು ಲೋಟಕ್ಕೇ ತೊಟ್ಟಿಕ್ಕಿ ಮೂಡೆಯ ತಲೆ ಅಂಬಲಿ ಆಗುತ್ತದೆ. ಎಲೆಯ ಮೂಡೆಗೆ ಅಷ್ಟು ತೊಂದರೆ ಇಲ್ಲ, ಸುತ್ತಿನ ಸಂದಿನಿಂದ ನೀರು ಇಳಿದು ಹೋಗುತ್ತದೆ. ಸ್ಟೀಲ್ ಲೋಟಕ್ಕೆ ಬಿದ್ದ ನೀರು ಅಲ್ಲೇ ಇರುತ್ತದೆ.

ಹಿಟ್ಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸ್ಟ್ಯಾಂಡ್ ಎಷ್ಟು ಚೆನ್ನಾಗಿದ್ದರೂ ಹಿಟ್ಟು ಕೈಕೊಟ್ಟರೆ ಲೋಟದಷ್ಟು ದೊಡ್ಡ ಕಲ್ಲು ಸಿಗುತ್ತದೆ. ಒಂದು ಪಾವು ಉದ್ದಿನ ಬೇಳೆಗೆ ಎರಡು ಪಾವು ಅಕ್ಕಿ ತರಿ. ಊರಲ್ಲಿ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಮನೆಯಲ್ಲೇ ತರಿ ಮಾಡುತ್ತಾರೆ. ಇಲ್ಲಿ ನಾನು ಅಂಗಡಿಯ ಇಡ್ಲಿ ರವೆಗೇ ತೃಪ್ತಿ ಪಡುತ್ತೇನೆ. ಉದ್ದು ಮೂರು ನಾಲ್ಕು ಗಂಟೆ ನೆನೆದರೆ ಸಾಕು. ಗ್ರೈಂಡರಿನಲ್ಲಿ ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕಿ ಅರ್ಧ ಗಂಟೆ ರುಬ್ಬಬೇಕು. ಒಂದು ಚಿಟಿಕೆ ಹಿಟ್ಟನ್ನು ನೀರಿನ ಲೋಟಕ್ಕೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ಹತ್ತು ನಿಮಿಷ. ರವೆಯನ್ನು ತೊಳೆದು, ಹಿಂಡಿ, ಕೈಯಲ್ಲೇ ಕಲಸಬೇಕು. ಇಡ್ಲಿಯದಕ್ಕಿಂತ ಒಂದು ಸುತ್ತು ಗಟ್ಟಿ ಇರಲಿ, ಸೌಟಿನಿಂದ ಸುರಿಯಬಾರದು, ಬೀಳಬೇಕು.

ಮಿಕ್ಸಿಯಲ್ಲಿ ಆಗುವುದಿಲ್ಲವಾ? ಇಡ್ಲಿಗೆ ಹೇಗೋ ಆಗುತ್ತದೆ. ಮೂಡೆಗೆ ನಾನಂತೂ ಬೇಡ ಎನ್ನುತ್ತೇನೆ. ಮಿಕ್ಸಿಯ ಬಿಸಿಗೆ ಉದ್ದು ನೊರೆ ಕಟ್ಟುವುದಿಲ್ಲ. ಮೂಡೆ ಇಡ್ಲಿಗಿಂತ ಎಷ್ಟೋ ದಪ್ಪ. ಹಿಟ್ಟಿನಲ್ಲಿ ಗಾಳಿ ಇಲ್ಲದಿದ್ದರೆ ನಡುಭಾಗ ಏಳುವುದೇ ಇಲ್ಲ.

ಕರಾವಳಿಯಲ್ಲಿ ಬೆಳಿಗ್ಗೆ ರುಬ್ಬಿದರೆ ಸಂಜೆಗೆ ಹಿಟ್ಟು ಉಕ್ಕಿ ಪಾತ್ರೆ ದಾಟಿರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತದೆ, ಆ ಚಳಿಗೆ ಹುಳಿ ಬರಿಸುವ ಬ್ಯಾಕ್ಟೀರಿಯಾ ಮುದುಡಿ ಕೂರುತ್ತವೆ. ಅವಕ್ಕೆ 30 ಡಿಗ್ರಿ ಸುತ್ತಮುತ್ತ ಇದ್ದರೆ ಖುಷಿ. ಭಾನುವಾರ ಬೆಳಿಗ್ಗೆಗೆ ಮೂಡೆ ಬೇಕಾದರೆ ನಾನು ಶುಕ್ರವಾರ ರಾತ್ರಿ ರುಬ್ಬುತ್ತೇನೆ. ಓವನ್ ಒಳಗೆ ಬಲ್ಬ್ ಮಾತ್ರ ಉರಿಸಿ ಪಾತ್ರೆ ಇಡುತ್ತೇನೆ. ಉಪ್ಪು ಹಾಕುವುದು ಉಕ್ಕಿದ ಮೇಲೆ. ಉಪ್ಪು ಮೊದಲೇ ಬಿದ್ದರೆ ಚಳಿಯಲ್ಲಿ ಇನ್ನೂ ತಡ. ಶನಿವಾರ ಸಂಜೆಗೆ ಹಿಟ್ಟು ತಯಾರು, ರಾತ್ರಿ ಊಟದ ಪಾತ್ರೆ ತೊಳೆಯುವಾಗ ಒಂದು ಬದಿಯಲ್ಲಿ ಮೂಡೆ ಬೇಯುತ್ತದೆ. ಪ್ಯಾಕೆಟ್ ಇಡ್ಲಿ ಹಿಟ್ಟು ಇದಕ್ಕೆ ತೆಳು. ಅದರಲ್ಲೇ ಮಾಡಬೇಕೆಂದರೆ ಎರಡು ಮುಷ್ಟಿ ಇಡ್ಲಿ ರವೆ ನೆನೆಸಿ ಹಿಂಡಿ ಸೇರಿಸಿ, ಅರ್ಧ ಗಂಟೆ ಬಿಟ್ಟು ಹೊಯ್ಯಿರಿ. ತಿನ್ನಬಹುದು. ಅದಕ್ಕಿಂತ ಜಾಸ್ತಿ ಹೊಗಳಲಾರೆ.

ಲೋಟಕ್ಕೆ ತೆಂಗಿನೆಣ್ಣೆ ಸವರಿ, ಮುಕ್ಕಾಲಿಗಿಂತ ಸ್ವಲ್ಪ ಕೆಳಗೆ ಹಿಟ್ಟು ಹಾಕಿ. ನೀರು ಕುದಿದು ಹಬೆ ಮುಚ್ಚಳ ಎತ್ತುವಾಗ ಸ್ಟ್ಯಾಂಡ್ ಇಳಿಸಬೇಕು. ಸ್ಟೀಲಿನದಕ್ಕೆ 25 ನಿಮಿಷ, ಎಲೆಯದಕ್ಕೆ 35ರಿಂದ 40. ಇಡ್ಲಿಯ ಹಾಗೆ ಹತ್ತು ಹನ್ನೆರಡು ನಿಮಿಷಕ್ಕೆ ಇಳಿಸಿದರೆ ಬದಿ ಬೆಂದು ನಡುವೆ ಹಸಿ ಹಿಟ್ಟು ಉಳಿಯುತ್ತದೆ. ಹಿಡಿಸೂಡಿ ಕಡ್ಡಿಯನ್ನು ಸರಿಯಾಗಿ ನಡುವೆ, ತಳದವರೆಗೆ ಇಳಿಸಿ ನೋಡಬೇಕು. ಬದಿಯಲ್ಲಿ ಚುಚ್ಚಿದರೆ ಏನೂ ಗೊತ್ತಾಗುವುದಿಲ್ಲ.

ಈ ಹಂತದಲ್ಲಿ ಬಿಡಿಸಿ ತಿಂದರೆ ಸ್ಟೀಲ್ ಮೂಡೆಗೆ ನಾನು ಹತ್ತಕ್ಕೆ ಎಂಟು ಅಂಕ ಕೊಡುತ್ತೇನೆ. ಹತ್ತಿಯಷ್ಟು ಮೆತ್ತಗೆ, ಬದಿ ನುಣುಪು. ಕಳೆದುಕೊಂಡ ಎರಡು ಅಂಕ ಪರಿಮಳದ್ದು. ಎಲೆಯ ಮೂಡೆಗೆ ಒಂದು ಹಸಿರು ಘಮ ಬರುತ್ತದೆ, ಅದು ಸ್ಟೀಲಿಗೆ ಎಲ್ಲಿಂದ ಬರಬೇಕು?

ವ್ಯತ್ಯಾಸ ಗೊತ್ತಾಗುವುದು ಮರುದಿನ ಬೆಳಿಗ್ಗೆ. ಎಲೆಯ ಮೂಡೆಯನ್ನು ರಾತ್ರಿ ಬಿಡಿಸುವುದೇ ಇಲ್ಲ. ಬುಟ್ಟಿಯಲ್ಲಿ ನಿಲ್ಲಿಸಿ ಬಟ್ಟೆ ಮುಚ್ಚಿದರೆ ಸರಿ. ತಣಿಯುವಾಗ ಬಿಡುವ ಹಬೆ ಸುತ್ತಿನ ಸಂದಿನಿಂದ ಹೊರಗೆ ಹೋಗುತ್ತದೆ, ಆದರೆ ಎಲೆ ಮೈಗೆ ಅಂಟಿಕೊಂಡಿರುವುದರಿಂದ ಒಣಗುವುದೂ ಇಲ್ಲ. ಬೆಳಿಗ್ಗೆ ಸುತ್ತು ಬಿಚ್ಚಿದರೆ ಮೈಮೇಲೆ ತಿರುಪಿನ ಮೊಳೆಯ ಹಾಗೆ ಗೆರೆ, ಕೈಗೆ ಅಂಟುವುದಿಲ್ಲ. ಎಲೆ ಬರೀ ಅಚ್ಚು ಎಂದುಕೊಂಡವರಿಗೆ ಇದು ಕಾಣುವುದಿಲ್ಲ. ಬೇಯಿಸುವ ಕೆಲಸ ಅರ್ಧ, ಕಾಪಾಡುವ ಕೆಲಸ ಅರ್ಧ ಅದರದ್ದು.

ಸ್ಟೀಲ್ ಲೋಟದಲ್ಲೇ ಬಿಟ್ಟರೆ ಏನಾಗುತ್ತದೆ? ಮೂಡೆ ತಣಿಯುತ್ತಾ ಕುಗ್ಗಿ ಲೋಟದಿಂದ ಒಂದು ಕೂದಲೆಳೆ ದೂರ ಸರಿಯುತ್ತದೆ. ಆ ಸಂದಿನಲ್ಲಿ ಹಬೆ ನೀರಾಗಿ ಕೂರುತ್ತದೆ. ಬೆಳಿಗ್ಗೆ ಮಗುಚಿದರೆ ಬದಿ ಲೋಳೆ ಲೋಳೆ, ತಲೆ ಮಾತ್ರ ಒಣಗಿ ಚರ್ಮ ಕಟ್ಟಿರುತ್ತದೆ. ಒಂದೇ ಮೂಡೆಗೆ ಎರಡು ರೋಗ. ಅದಕ್ಕೇ ಸ್ಟೀಲಿನದನ್ನು ರಾತ್ರಿಯೇ ಬಿಡಿಸಬೇಕು, ಅದೂ ಸರಿಯಾದ ಹೊತ್ತಿಗೆ. ಕೊತ ಕೊತ ಬಿಸಿಯಲ್ಲಿ ಮಗುಚಿದರೆ ಒಡೆಯುತ್ತದೆ. ಲೋಟವನ್ನು ಬರಿ ಕೈಯಲ್ಲಿ ಹಿಡಿಯಲು ಆಗುವಷ್ಟು ಆರಿದಾಗ, ಅರ್ಧ ಇಂಚು ತಣ್ಣೀರು ಹಾಕಿದ ತಟ್ಟೆಯಲ್ಲಿ ಒಂದು ನಿಮಿಷ ನಿಲ್ಲಿಸಿ, ಅಂಗೈ ಮೇಲೆ ಮಗುಚಿ ತಟ್ಟಿದರೆ ಟಪ್ ಎಂದು ಬರುತ್ತದೆ. ಪೂರ್ತಿ ತಣಿದ ಮೇಲೆ ಬಾಳೆ ಎಲೆಯಲ್ಲಿ ಸುತ್ತಿ ಡಬ್ಬಿಯಲ್ಲಿಡುತ್ತೇನೆ, ಮುಚ್ಚಳ ಸಡಿಲ. ಬಾಳೆ ಎಲೆ ಇಲ್ಲದಿದ್ದರೆ ಒದ್ದೆ ಮಾಡಿ ಗಟ್ಟಿ ಹಿಂಡಿದ ಹತ್ತಿ ಬಟ್ಟೆ.

ಇನ್ನೊಂದು ಉಪಾಯ ಅಮ್ಮ ಫೋನಿನಲ್ಲಿ ಹೇಳಿದ್ದು. ಬಾಳೆ ಎಲೆಯನ್ನು ಗ್ಯಾಸಿನ ಮೇಲೆ ಬಾಡಿಸಿ, ಲೋಟದ ಎತ್ತರಕ್ಕೆ ಪಟ್ಟಿ ಕತ್ತರಿಸಿ, ಒಳಗೆ ಒಂದು ಸುತ್ತು ಕೂರಿಸಿ ಆಮೇಲೆ ಹಿಟ್ಟು ಹೊಯ್ಯುವುದು. ಬೆಂದ ಮೇಲೆ ಎಲೆ ಸಮೇತ ಎಳೆದರೆ ಬರುತ್ತದೆ, ಆ ಎಲೆ ಸುತ್ತಿಕೊಂಡೇ ಬೆಳಗಿನವರೆಗೆ ಇರುತ್ತದೆ. ಮುಂಡೇವಿನ ಘಮ ಇಲ್ಲದಿದ್ದರೂ ಬಾಳೆಯದ್ದಾದರೂ ಇದೆ. ಈಗ ನಾನು ಹೆಚ್ಚಾಗಿ ಮಾಡುವುದು ಹೀಗೆಯೇ. ಎಂಟು ಪಟ್ಟಿ ಕತ್ತರಿಸಲು ಎಷ್ಟು ಹೊತ್ತು ಬೇಕು?

ಚಳಿಗಾಲದ ಬೆಂಗಳೂರಿನಲ್ಲಿ ರಾತ್ರಿ ಹೊರಗೇ ಇಟ್ಟರೂ ಬೆಳಿಗ್ಗೆ ಮೂಡೆ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ, ಕರಾವಳಿಯಲ್ಲಂತೂ, ಆ ಧೈರ್ಯ ಬೇಡ, ಫ್ರಿಜ್ಜಿಗೆ ಹಾಕಿ. ಫ್ರಿಜ್ಜಿನಲ್ಲಿ ಅಕ್ಕಿ ಗಟ್ಟಿಯಾಗುತ್ತದೆ, ಐದಾರು ನಿಮಿಷ ಹಬೆ ತೋರಿಸಿದರೆ ಮತ್ತೆ ಮೆತ್ತಗೆ. ಮೈಕ್ರೋವೇವ್ ಆದರೆ ಮೇಲೆ ನೀರು ಚಿಮುಕಿಸಿ ಮುಚ್ಚಿಡಬೇಕು. ಬಿಸಿ ಮಾಡಿದ ಮೇಲೆ ಕೂಡಲೇ ತಿನ್ನಿ, ಎರಡನೇ ಸಲ ತಣಿದರೆ ಅದು ಬರೀ ಕಲ್ಲು.

ಅತ್ತೆ ಹಾಸನದವರು. ಮೊದಲ ಸಲ ನೋಡಿದಾಗ, "ಏನಮ್ಮ ಇದು, ಇಡ್ಲಿ ತಟ್ಟೆ ಎಲ್ಲ ಏನಾಯ್ತು? ಲೋಟದಲ್ಲಿ ಬೇಯ್ಸಿದ್ದೀಯ?" ಎಂದರು. ಈಗ ಬೆಳಿಗ್ಗೆ ಐದೂವರೆಗೆ ಕಾಫಿ ಮಾಡಿಕೊಂಡು, ಡಬ್ಬಿ ತೆಗೆದು ಒಂದು ಮೂಡೆ ತುಂಡು ಮಾಡಿ, ಮೇಲೆ ತುಪ್ಪ, ಬೆಲ್ಲದ ಪುಡಿ ಉದುರಿಸಿ ತಿಂದು ಮುಗಿಸಿರುತ್ತಾರೆ. ಯಾರನ್ನೂ ಎಬ್ಬಿಸುವುದಿಲ್ಲ. ನನಗೆ ಬೇಕಾದದ್ದು ಅದೇ.

ನನ್ನದು ತೆಂಗಿನೆಣ್ಣೆ. ತಣ್ಣಗಿನ ಮೂಡೆಯ ಬಿಲ್ಲೆಗಳ ಮೇಲೆ ಹಸಿ ತೆಂಗಿನೆಣ್ಣೆ ಎರಡು ಚಮಚ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿಯ ರಸ. ಚಟ್ನಿ ರಾತ್ರಿಯೇ ಮಾಡಿಟ್ಟರೆ ಕಾಯಿ ಹಳಸುವ ಭಯ, ಬೆಳಿಗ್ಗೆ ಮಾಡಿದರೆ ಮಿಕ್ಸಿ ಕಾನೂನು ಮುರಿದ ಹಾಗೆ. ಹಿಂದಿನ ರಾತ್ರಿಯ ಬಸಳೆ ಗಸಿ ಉಳಿದಿದ್ದರೆ ಅದಕ್ಕಿಂತ ಬೇರೆ ಬೇಡ. ಮೀನು, ಕೋಳಿ ತಿನ್ನುವವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ, ನಿನ್ನೆಯ ಸಾರು ಇವತ್ತಿಗೆ ಯಾವತ್ತೂ ರುಚಿ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಅತ್ತೆ ಶನಿವಾರ ರಾತ್ರಿ ಹಿತಕಿದ ಅವರೆಬೇಳೆ ಸಾರು ಮಾಡಿಡುತ್ತಾರೆ. ಕಾರ್ಕಳದ ಮೂಡೆಗೆ ಹಾಸನದ ಅವರೆ ಸಾರು ಎಂದರೆ ನಮ್ಮ ದೊಡ್ಡಮ್ಮ ಹುಬ್ಬು ಮೇಲೆ ಮಾಡಬಹುದು. ಮಾಡಲಿ. ಆ ದಪ್ಪ ಸಾರು ಮೂಡೆಗೆ ಇಳಿದು ಕೂರುವ ಹಾಗೆ ಪೂರಿಗೂ ಕೂರುವುದಿಲ್ಲ. ಮಗಳು ಮಾತ್ರ ಸಕ್ಕರೆ ಹಾಕಿಕೊಂಡು ತಿನ್ನುತ್ತಾಳೆ, ಅದರ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.

ಉಳಿದರೆ ಸಂಜೆಗೆ ಒಗ್ಗರಣೆ. ಕೈಯಲ್ಲಿ ಪುಡಿ ಮಾಡಿ, ಸಾಸಿವೆ, ಉದ್ದಿನ ಬೇಳೆ, ಒಣಮೆಣಸು, ಕರಿಬೇವು, ಮೇಲೆ ಒಂದು ಮುಷ್ಟಿ ಕಾಯಿತುರಿ. ಇಲ್ಲಿ ಸ್ಟೀಲಿನದು ಎಲೆಯದ್ದು ಎರಡೂ ಒಂದೇ. ಗಟ್ಟಿಯಾದದ್ದೇ ಚೆನ್ನಾಗಿ ಉದುರುತ್ತದೆ.

ಬೇಯಿಸಿದ ಮೂಡೆಯೇ ಕೆಲವು ಅಂಗಡಿಗಳಲ್ಲಿ ಸಿಗುತ್ತದಲ್ಲ, ಅದನ್ನೂ ತಂದು ನೋಡಿದ್ದೇನೆ. ಪ್ಲಾಸ್ಟಿಕ್ ಚೀಲದೊಳಗೆ ಬೆವರಿರುತ್ತದೆ, ಹುಳಿ ಜಾಸ್ತಿ. ಬೆಳಿಗ್ಗೆ ತಂದದ್ದನ್ನು ಮಧ್ಯಾಹ್ನದೊಳಗೆ ತಿನ್ನಲು ಅಡ್ಡಿಯಿಲ್ಲ. ಮರುದಿನಕ್ಕೆ ಬೇಡ.

ಸ್ಟ್ಯಾಂಡ್ ಬೇಡವೇ ಬೇಡ ಎನ್ನುವವರೂ ಇದ್ದಾರೆ. ಮನೆಯಲ್ಲಿ ಬಾಯಿ ಅಗಲದ ಸ್ಟೀಲ್ ಲೋಟ ಐದಾರು ಇದ್ದರೆ, ಇಡ್ಲಿ ಪಾತ್ರೆಯ ತೂತಿನ ತಟ್ಟೆಯ ಮೇಲೆ ಅವನ್ನೇ ನಿಲ್ಲಿಸಿ ಬೇಯಿಸಿ, ಮೂಡೆ ಅದೇ ಬರುತ್ತದೆ. ನಾನು ಸ್ಟ್ಯಾಂಡಿಗೆ ದುಡ್ಡು ಕೊಟ್ಟದ್ದು ಆ ಕಂಬಿಗೆ. ನೀರು ಕುದಿಯುವಾಗ ಒಂಟಿ ಲೋಟಗಳು ನಡುಗಿ ವಾಲುತ್ತವೆ, ಇಳಿಸುವಾಗ ಇಕ್ಕಳದಲ್ಲಿ ಒಂದೊಂದೇ ಹಿಡಿಯಬೇಕು, ಹಬೆ ಮುಖಕ್ಕೆ. ಇದರಲ್ಲಿ ಕೊಂಡಿಗೆ ಸೌಟಿನ ಹಿಡಿ ಸಿಕ್ಕಿಸಿ ಒಮ್ಮೆಗೇ ಎಂಟನ್ನೂ ಎತ್ತಬಹುದು. ರಾತ್ರಿ ಹತ್ತೂವರೆಗೆ, ನಿದ್ದೆಗಣ್ಣಿನಲ್ಲಿ, ಅದು ದೊಡ್ಡ ಉಪಕಾರ.

ಎಂಟು ಲೋಟದ್ದು ನಾಲ್ಕು ಜನರಿಗೆ ಸರಿ, ಒಬ್ಬರಿಗೆ ಎರಡರ ಲೆಕ್ಕ. ಹನ್ನೆರಡರದ್ದೂ ಬರುತ್ತದೆ, ಆದರೆ ಮನೆಯ ಗ್ಯಾಸಿನ ಮಾಮೂಲಿ ಬರ್ನರ್ ಮೇಲೆ ಅಷ್ಟು ಅಗಲದ ಪಾತ್ರೆಯ ಅಂಚಿನ ಲೋಟಗಳು ಹಿಂದೆ ಬೀಳುತ್ತವೆ. ಆನ್‌ಲೈನಿನಲ್ಲೂ ಸಿಗುತ್ತದೆ. ಚಿತ್ರದಲ್ಲಿ ಲೋಟದ ಬಾಯಿ, ತಳ ಎರಡರ ಅಳತೆಯನ್ನೂ ಕೊಟ್ಟಿದ್ದಾರಾ ನೋಡಿ. ಎರಡೂ ಒಂದೇ ಇದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.